ಬೇಡಿಕೆ ಕಡಿಮೆ ಇರುವ ಸ್ಕಿಲ್ ಇಟ್ಟುಕೊಂಡು ಐಟಿ ಕಾಂಟ್ರ್ಯಾಕ್ಟ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 17 ವರ್ಷ ಪವರ್‌ಬಿಲ್ಡರ್ (ಪ್ರೋಗ್ರಾಂ ಬರೆಯುವ ಒಂದು ಹಳೇ ಸಾಧನ) ಮತ್ತು ಸೈಬೇಸ್ (ಒಂದು ಡೇಟಾಬೇಸ್) ಮೇಲೆ ಕೆಲಸ ಮಾಡಿದವನು. ಬೆಂಗಳೂರಿನ ಕೆಲಸ ಹೋದ ಮೇಲೆ ಊರಿಗೆ ಬಂದೆ. ಈಗ ಶಿವಮೊಗ್ಗದ ವಿನೋಬನಗರದ ಮನೆಯಿಂದ ಕಾಂಟ್ರ್ಯಾಕ್ಟ್ ಮಾಡುತ್ತಿದ್ದೇನೆ. ಮದುವೆಮನೆ ಪಂಕ್ತಿಯಲ್ಲಿ, ಗೋಪಿ ಸರ್ಕಲ್ ಹತ್ತಿರ ಕಾಫಿ ಕುಡಿಯುವಾಗ, ವಾಟ್ಸಾಪ್‌ನಲ್ಲಿ, ಎಲ್ಲ ಕಡೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಪವರ್‌ಬಿಲ್ಡರ್ ಅಂತ ಇರುವ ಕಡೆ ನಿಮ್ಮದು ಯಾವುದೋ ಅದನ್ನು ಹಾಕಿಕೊಳ್ಳಿ. ಕೋಬಾಲ್, ಡೆಲ್ಫಿ, ಫಾಕ್ಸ್‌ಪ್ರೊ, ಲೋಟಸ್ ನೋಟ್ಸ್, ಒರಾಕಲ್ ಫಾರ್ಮ್ಸ್, ಏನೇ ಇರಲಿ.

## ಮೊದಲ ಪ್ರಶ್ನೆಗಳು

ನನಗೆ ಬರೋದು ಇದೊಂದೇ ಸರ್. ಈಗಲೂ ಕೆಲಸ ಇದೆಯಾ, ಇಲ್ಲ ಕಥೆ ಮುಗೀತಾ?

ಇದೆ, ಆದರೆ ಕಡಿಮೆ. ಮೊದಲು ನಿಮ್ಮ ತಂತ್ರಜ್ಞಾನ ಯಾವ ಸ್ಥಿತಿಯಲ್ಲಿದೆ ನೋಡಿಕೊಳ್ಳಿ, ಯಾಕೆಂದರೆ "ಹಳೇದು" ಅನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿ ಇವೆ.

ಕೆಲವಕ್ಕೆ ಇನ್ನೂ ಯಜಮಾನ ಇದ್ದಾನೆ. ಪವರ್‌ಬಿಲ್ಡರ್ ಸೈಬೇಸ್ ಅನ್ನುವ ಕಂಪನಿಯ ಕೈಯಲ್ಲಿತ್ತು, 2010ರಲ್ಲಿ ಸೈಬೇಸನ್ನು ಎಸ್‌ಎಪಿ ಕೊಂಡಿತು, 2016ರಲ್ಲಿ ಅದನ್ನು ಮುಂದುವರಿಸುವ ಹೊಣೆ ಆಪಿಯಾನ್ ಎಂಬ ಕಂಪನಿಗೆ ಹೋಯಿತು, ಹೊಸ ಆವೃತ್ತಿಗಳು ಬರುತ್ತಲೇ ಇವೆ. ಲೋಟಸ್ ನೋಟ್ಸ್ 2019ರಲ್ಲಿ ಐಬಿಎಂನಿಂದ ಎಚ್‌ಸಿಎಲ್‌ಗೆ ಬಂತು. ಇಂಥವು ಸಣ್ಣದಾಗಿಯಾದರೂ ಉಸಿರಾಡುತ್ತಿವೆ.

ಎರಡನೆಯದು, ಯಜಮಾನ ಕೈಬಿಟ್ಟಿದ್ದಾನೆ, ಆದರೂ ಓಡುತ್ತಿದೆ. ವಿಬಿ 6 (ವಿಷುಯಲ್ ಬೇಸಿಕ್) ಬಂದಿದ್ದು 1998ರಲ್ಲಿ. ಅದರಲ್ಲಿ ಕೋಡ್ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಆದರೆ ಅದರಲ್ಲಿ ಬರೆದ ಪ್ರೋಗ್ರಾಂ ಇವತ್ತಿನ ವಿಂಡೋಸ್‌ನಲ್ಲೂ ಓಡುತ್ತದೆ. ವಿಷುಯಲ್ ಫಾಕ್ಸ್‌ಪ್ರೊ ಬೆಂಬಲ 2015ರಲ್ಲಿ ಮುಗಿಯಿತು, ಫಾಕ್ಸ್‌ಪ್ರೊದಲ್ಲಿ ಬಿಲ್ ಹಾಕುವ ಅಂಗಡಿಗಳು ಮುಗಿಯಲಿಲ್ಲ.

ಮೂರನೆಯದು ನಿಜವಾಗಿ ಸತ್ತಿರುವುದು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ನಿಂತಿತು, ಬ್ರೌಸರ್‌ಗಳೇ ಅದನ್ನು ಹೊರಗೆ ಹಾಕಿದವು. ನಿಮ್ಮದು ಇಂಥದ್ದಾದರೆ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ, ಅದರಿಂದ ಬೇರೆ ಕಡೆಗೆ ಸಾಗಿಸುವ ಕೆಲಸ ಉಳಿದಿದ್ದರೆ ಅದೊಂದೇ.

ಮೊದಲ ಎರಡು ಗುಂಪಿನಲ್ಲಿ ಬೇಡಿಕೆ ಕಡಿಮೆ, ಆದರೆ ಬಲ್ಲವರೂ ಕಡಿಮೆ. 1959ರಲ್ಲಿ ಹುಟ್ಟಿದ ಕೋಬಾಲ್ ಗೊತ್ತಿರುವವರು ಬೇಕು ಅಂತ 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಟಿವಿ ಮುಂದೆ ನಿಂತು ಕೇಳಿದ್ದರು. ಕೊರೊನಾ ಹೊತ್ತಿನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಏರಿ ಹಳೇ ಸಿಸ್ಟಂ ತಡೆದುಕೊಳ್ಳಲಿಲ್ಲ. ಬೇಕಾದವರು ಅಲ್ಲಿ, ಬಲ್ಲವರು ಇಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಸಿಗುವುದೇ ಕಷ್ಟ. ಈ ಇಡೀ ಪುಟ ಅದರ ಬಗ್ಗೆಯೇ.

ಪೇರೋಲ್, ಸಿ-ಟು-ಎಚ್, ಫ್ರೀಲ್ಯಾನ್ಸ್, ಎಲ್ಲ ಒಂದೇನಾ?

ಅಲ್ಲ. ಪೇರೋಲ್ ಅಂದರೆ ಸಂಬಳ ಕೊಡುವುದು ಒಂದು ಸ್ಟಾಫಿಂಗ್ ಕಂಪನಿ, ಕೆಲಸ ಮಾಡುವುದು ಬೇರೆ ಕ್ಲೈಂಟ್‌ಗೆ. ಸಾಮಾನ್ಯವಾಗಿ 6 ಅಥವಾ 12 ತಿಂಗಳು, ಪಿಎಫ್ ಕಟ್ಟುತ್ತಾರೆ. ಸಿ-ಟು-ಎಚ್ (ಕಾಂಟ್ರ್ಯಾಕ್ಟ್ ಟು ಹೈರ್) ಅಂದರೆ ಆಮೇಲೆ ಪರ್ಮನೆಂಟ್ ಮಾಡುತ್ತೇವೆ ಅನ್ನುವ ಮಾತು. ಹಳೇ ಸ್ಕಿಲ್‌ನವರಿಗೆ ಆ ಮಾತು ಬರೀ ಮಾತಾಗಿ ಉಳಿಯುವುದೇ ಜಾಸ್ತಿ, ಅದನ್ನು ನಂಬಿ ಸಂಬಳ ಇಳಿಸಿಕೊಳ್ಳಬೇಡಿ. ಫ್ರೀಲ್ಯಾನ್ಸ್ ಅಂದರೆ ಇನ್‌ವಾಯ್ಸ್ ಹಾಕುವವರು ನೀವೇ, ತೆರಿಗೆ ನೋಡಿಕೊಳ್ಳುವವರೂ ನೀವೇ. ನಾನು ಪೇರೋಲ್‌ನಿಂದ ಶುರು ಮಾಡಿ ಫ್ರೀಲ್ಯಾನ್ಸ್‌ಗೆ ಬಂದೆ. ಅದೇ ಸುಲಭ ಅನಿಸಿತು.

ಎಲ್ಲ ಬಿಟ್ಟು ಪೈಥಾನ್ ಕಲಿ ಅಂತ ಎಲ್ಲರೂ ಹೇಳ್ತಾರೆ. ಕಲೀಲಾ?

ಕಲಿಯಿರಿ. ಆದರೆ "ಎಲ್ಲ ಬಿಟ್ಟು" ಬೇಡ. 42ನೇ ವಯಸ್ಸಿನಲ್ಲಿ ಆರು ತಿಂಗಳ ಪೈಥಾನ್ ಇಟ್ಟುಕೊಂಡು ಹೋದರೆ ನಿಮ್ಮ ಪಕ್ಕ ಕೂರುವವರು ಈ ವರ್ಷ ಇಂಜಿನಿಯರಿಂಗ್ ಮುಗಿಸಿದ ಹುಡುಗರು. ಅವರು ಕೇಳುವ ಸಂಬಳದ ಜೊತೆ ನೀವು ಪೈಪೋಟಿ ಮಾಡಬೇಕಾಗುತ್ತದೆ. ಅದೇ ಪೈಥಾನನ್ನು ನಿಮ್ಮ ಹಳೇ ಡೇಟಾಬೇಸ್‌ನಿಂದ ಡೇಟಾ ಹೊರಗೆ ತೆಗೆಯಲು, ಎರಡು ಸಿಸ್ಟಂಗಳ ಲೆಕ್ಕ ತಾಳೆ ನೋಡಲು ಬಳಸಿದರೆ ಆ ಹುಡುಗರು ನಿಮಗೆ ಪೈಪೋಟಿಯೇ ಅಲ್ಲ. ಹಳೆಯದರ ಪಕ್ಕದಲ್ಲಿ ಏನಿದೆಯೋ ಅದನ್ನು ಕಲಿಯಿರಿ. ನನಗೆ ಅದು ಎಸ್‌ಕ್ಯುಎಲ್ ಸರ್ವರ್, ಸ್ವಲ್ಪ ಸಿ-ಶಾರ್ಪ್, ಅಷ್ಟೇ.

## ಹುಡುಕುವುದು ಹೇಗೆ

ನೌಕ್ರಿಯಲ್ಲಿ ಹುಡುಕಿದ್ರೆ ತಿಂಗಳಿಗೆ ಎರಡು ಕೆಲಸಾನೂ ಕಾಣಲ್ಲ. ನಾನೇ ತಪ್ಪು ಹುಡುಕ್ತಿದೀನಾ?

ಹೌದು, ನಾನೂ ಮೊದಲ ನಾಲ್ಕು ತಿಂಗಳು ಅದೇ ತಪ್ಪು ಮಾಡಿದೆ. ಬೆಳಿಗ್ಗೆ ಎದ್ದು ಹುಡುಕುವ ಪೆಟ್ಟಿಗೆಯಲ್ಲಿ "ಪವರ್‌ಬಿಲ್ಡರ್" ಅಂತ ಹೊಡೆಯುವುದು, ಏನೂ ಇಲ್ಲ ಅಂತ ಬೇಜಾರಾಗುವುದು. ಹಳೇ ಸಿಸ್ಟಂ ಇರುವ ಕಂಪನಿಗಳು ಕೆಲಸದ ಜಾಹೀರಾತನ್ನು ಆ ಹೆಸರಲ್ಲಿ ಹಾಕುವುದು ಕಡಿಮೆ. "ಅಪ್ಲಿಕೇಷನ್ ಸಪೋರ್ಟ್", "ಲೆಗಸಿ ಮಾಡರ್ನೈಸೇಷನ್" (ಹಳೇದನ್ನು ಹೊಸದು ಮಾಡುವುದು), "ಡೇಟಾ ಮೈಗ್ರೇಷನ್" (ಹಳೇದರಿಂದ ಹೊಸದಕ್ಕೆ ಸಾಗಿಸುವುದು) ಅಂತ ಇರುತ್ತದೆ, ಒಳಗೆ ಏಳನೇ ಸಾಲಿನಲ್ಲಿ ನಿಮ್ಮ ಸ್ಕಿಲ್ ಅಡಗಿ ಕೂತಿರುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು: ಕೆಲಸ ಹುಡುಕಬೇಡಿ, ಆ ಸಿಸ್ಟಂ ಎಲ್ಲಿ ಓಡುತ್ತಿದೆ ಅಂತ ಹುಡುಕಿ. ಲಿಂಕ್ಡ್‌ಇನ್‌ನಲ್ಲಿ ಕೆಲಸದ ಬದಲು ಜನರನ್ನು ಹುಡುಕಿ. "ಪವರ್‌ಬಿಲ್ಡರ್" ಅಂತ ಬರೆದುಕೊಂಡು ಈಗಲೂ ಒಂದು ವಿಮಾ ಕಂಪನಿಯಲ್ಲಿ ಕೂತಿರುವವರು ಸಿಕ್ಕರೆ, ಆ ವಿಮಾ ಕಂಪನಿಯಲ್ಲಿ ಪವರ್‌ಬಿಲ್ಡರ್ ಇದೆ ಅಂತಲೇ ಅರ್ಥ. ಅವರಿಗೆ 57 ವರ್ಷವಾಗಿದ್ದರೆ ಇನ್ನೂ ಒಳ್ಳೆಯದು, ಅವರು ನಿವೃತ್ತರಾದ ಮೇಲೆ ಯಾರು ಅನ್ನುವ ಚಿಂತೆ ಅವರ ಮ್ಯಾನೇಜರ್‌ಗೆ ಇದ್ದೇ ಇರುತ್ತದೆ.

ಇನ್ನೊಂದು ದಾರಿ ಟೆಂಡರ್. ಕರ್ನಾಟಕದ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ, ಕೇಂದ್ರದ ಪೋರ್ಟಲ್‌ಗಳಲ್ಲಿ, ಸಾಫ್ಟ್‌ವೇರ್ ಬದಲಾಯಿಸುವ ಟೆಂಡರ್ ಬಂದಾಗ ಕಡತದೊಳಗೆ ಈಗಿರುವ ಸಿಸ್ಟಂ ಯಾವುದರಲ್ಲಿದೆ ಅಂತ ಬರೆದಿರುತ್ತಾರೆ. ಟೆಂಡರ್ ನಮಗೆ ಸಿಗುವಂಥದ್ದಲ್ಲ ಬಿಡಿ, ಅದಕ್ಕೆ ಬೇಕಾದ ವಹಿವಾಟು ನಮಗಿಲ್ಲ. ಆದರೆ ಗೆದ್ದ ದೊಡ್ಡ ಕಂಪನಿಯಲ್ಲಿ ಹಳೇದನ್ನು ಓದಬಲ್ಲವರು ಇರುವುದು ಅನುಮಾನ. ಅವರಿಗೆ ಬರೆಯಿರಿ.

ನಾನು ಎರಡು ವಾರ ಕೂತು 41 ಕಂಪನಿಗಳ ಪಟ್ಟಿ ಮಾಡಿದೆ. 9 ಕಡೆಯಿಂದ ಉತ್ತರ ಬಂತು. 2 ಕಡೆ ಕೆಲಸ ಸಿಕ್ಕಿತು. ನೂರಾರು ಅರ್ಜಿ ಹಾಕಿದ ಆ ನಾಲ್ಕು ತಿಂಗಳಲ್ಲಿ ಸಿಕ್ಕಿದ್ದು ಸೊನ್ನೆ.

ರೆಸ್ಯೂಮೆಯಲ್ಲಿ ಏನು ಬದಲಾಯಿಸ್ಬೇಕು?

ಮೇಲಿನ ಮೂರು ಸಾಲು. ಅಲ್ಲಿ ಭಾಷೆಯ ಹೆಸರು ಬೇಡ, ನೀವು ಕಾಪಾಡಿದ ವ್ಯವಹಾರದ ಹೆಸರು ಬರಲಿ. "ಪವರ್‌ಬಿಲ್ಡರ್ ಡೆವಲಪರ್, 17 ವರ್ಷ" ಅಂದರೆ ಓದಿದವರು ಮುಂದಿನದನ್ನು ತೆಗೆಯುತ್ತಾರೆ. "ವಿಮಾ ಕ್ಲೇಮ್ ಸಿಸ್ಟಂಗಳ ಒಳಲೆಕ್ಕ ಬಲ್ಲವರು, ಪವರ್‌ಬಿಲ್ಡರ್‌ನಿಂದ ಡಾಟ್‌ನೆಟ್‌ಗೆ ಸಾಗಿಸಿದ ಅನುಭವ" ಅಂದರೆ ಒಂದು ಕ್ಷಣ ನಿಲ್ಲುತ್ತಾರೆ. ಸಾಗಿಸಿದ ಅನುಭವ ಇಲ್ಲದಿದ್ದರೆ ಹಾಗೆ ಬರೆಯಬೇಡಿ, ಮೊದಲ ಕಾಲ್‌ನಲ್ಲೇ ಸಿಕ್ಕಿಬೀಳುತ್ತೀರಿ.

ಎರಡು ಪುಟ ಸಾಕು. ತಂದೆಯ ಹೆಸರು, ಜಾತಕ, ಹವ್ಯಾಸ ಬೇಡ ಮಾರಾಯ್ರೆ.

ಹಳೇ ಮ್ಯಾನೇಜರ್‌ಗೆ ಮೆಸೇಜ್ ಹಾಕೋಕೆ ಸಂಕೋಚ. ಕೆಲಸ ಬೇಡಿದ ಹಾಗೆ ಆಗಲ್ವಾ?

ನಮ್ಮ ಕಡೆಯವರಿಗೆ ಈ ಸಂಕೋಚ ಸ್ವಲ್ಪ ಜಾಸ್ತಿಯೇ. ನೆಂಟರ ಮನೆಗೆ ಹೋದರೆ ಹಸಿವಾಗಿದ್ದರೂ "ಈಗ ತಾನೇ ತಿಂದೆ" ಅನ್ನುವವರು ನಾವು. ಆದರೆ ನನಗೆ ಸಿಕ್ಕ ಐದು ಕಾಂಟ್ರ್ಯಾಕ್ಟ್‌ಗಳಲ್ಲಿ ಮೂರು ಹಿಂದೆ ಜೊತೆಗೆ ಕೆಲಸ ಮಾಡಿದವರಿಂದಲೇ ಬಂದವು. ಕೆಲಸ ಕೊಡಿ ಅಂತ ಕೇಳಬೇಡಿ. "ಆ ಬಿಲ್ಲಿಂಗ್ ಸಿಸ್ಟಂ ಈಗ ಯಾರು ನೋಡ್ಕೋತಿದಾರೆ? ನಾನು ಈಗ ಕಾಂಟ್ರ್ಯಾಕ್ಟ್ ಮಾಡ್ತಿದೀನಿ, ತಿಂಗಳ ಮಟ್ಟಿಗೆ ಬೇಕಾದರೂ ಸರಿ" ಅಂತ ಬರೆಯಿರಿ. ಉತ್ತರ ಬರದಿದ್ದರೆ ಮೂರು ತಿಂಗಳು ಬಿಟ್ಟು ಇನ್ನೊಂದು ಸಲ. ಹಳೇ ಸಿಸ್ಟಂ ಕೆಡುವುದು ನಿಮ್ಮ ಮೆಸೇಜ್ ನೋಡಿಕೊಂಡು ಅಲ್ಲ, ಅದಕ್ಕೆ ಬೇಕಾದಾಗ ಕೆಡುತ್ತದೆ.

ಏಜೆನ್ಸಿಯವರು ದಿನಾ ಕಾಲ್ ಮಾಡ್ತಾರೆ, ಆಮೇಲೆ ಸುದ್ದಿನೇ ಇಲ್ಲ. ಯಾಕೆ?

ಒಂದೇ ಕೆಲಸಕ್ಕೆ ಹತ್ತು ಏಜೆನ್ಸಿಗಳು ಓಡಾಡುತ್ತಿರುತ್ತವೆ. ಅಪರೂಪದ ಸ್ಕಿಲ್ ಆದರೆ ಹತ್ತೂ ಜನ ನಿಮಗೇ ಫೋನ್ ಮಾಡುತ್ತಾರೆ, ಅದನ್ನು ಹತ್ತು ಕೆಲಸ ಅಂದುಕೊಂಡು ಖುಷಿಪಡಬೇಡಿ. ಕ್ಲೈಂಟ್ ಯಾರು ಅಂತ ಕೇಳಿ, ಹೇಳದಿದ್ದರೆ ರೆಸ್ಯೂಮೆ ಕೊಡಬೇಡಿ. ಒಂದೇ ಕ್ಲೈಂಟ್‌ಗೆ ಇಬ್ಬರ ಕಡೆಯಿಂದ ನಿಮ್ಮ ಹೆಸರು ಹೋದರೆ ರಗಳೆ ಯಾಕೆ ಅಂತ ಎರಡನ್ನೂ ಬಿಡುವುದುಂಟು. ಯಾರಿಗೆ, ಯಾವ ತಾರೀಕು, ಯಾವ ದರಕ್ಕೆ ಹೌದು ಅಂದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ದುಡ್ಡು ಕೇಳಿದವರ ಫೋನ್ ಅಲ್ಲೇ ಇಡಿ.

ಶಿವಮೊಗ್ಗದಲ್ಲೇ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಹೊಟ್ಟೆ ತುಂಬುವಷ್ಟು ಅಲ್ಲ. ಅಡಿಕೆ ಮಂಡಿಗಳಲ್ಲಿ, ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಲ್ಲಿ, ಸಣ್ಣ ಸಹಕಾರ ಸಂಘಗಳಲ್ಲಿ ಯಾರೋ ಇಪ್ಪತ್ತು ವರ್ಷದ ಹಿಂದೆ ಬರೆದುಕೊಟ್ಟು ಹೋದ ಪ್ರೋಗ್ರಾಂಗಳು ಇನ್ನೂ ಇವೆ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರುವ 2,516 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೇಲಿನಿಂದ ಸಾಫ್ಟ್‌ವೇರ್ ಬರುತ್ತದೆ, ಆದರೆ ಹಳೇ ಬಾಕಿ, ಹಳೇ ಷೇರು ಲೆಕ್ಕ ತಾಳೆಯಾಗದೆ ಸೆಕ್ರೆಟರಿ ತಲೆ ಮೇಲೆ ಕೈ ಹೊತ್ತು ಕೂರುವುದು ಇಲ್ಲಿ. ಅಲ್ಲಿ ಫಾಕ್ಸ್‌ಪ್ರೊ ಬಲ್ಲವರಿಗೆ ನಾಲ್ಕು ದಿನದ ಕೆಲಸ ಹುಟ್ಟುತ್ತದೆ. ದುಡ್ಡು ಬೆಂಗಳೂರಿನ ದರಕ್ಕೆ ಹತ್ತಿರವೂ ಬರುವುದಿಲ್ಲ. ಸಾಗರದ ಹತ್ತಿರ ಒಬ್ಬರು ದುಡ್ಡಿನ ಜೊತೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕೊಟ್ಟು ಕಳಿಸಿದರು, ಆ ಕೆಲಸದಲ್ಲಿ ನನಗೆ ನಷ್ಟವಾಯಿತು ಅಂತ ಹೇಳಲಾರೆ. ಎರಡು ಕಾಂಟ್ರ್ಯಾಕ್ಟ್ ನಡುವಿನ ಖಾಲಿ ತಿಂಗಳಿಗೆ, ಮತ್ತೆ "ಇತ್ತೀಚೆಗೆ ಏನು ಮಾಡಿದಿರಿ" ಅಂದಾಗ ಹೇಳಿಕೊಳ್ಳಲಿಕ್ಕೆ ಇದು ಒಳ್ಳೆಯದು.

## ದುಡ್ಡಿನ ಪ್ರಶ್ನೆಗಳು

ದರ ಎಷ್ಟು ಕೇಳ್ಬೇಕು?

ಹಳೇ ಸಂಬಳವನ್ನು 12 ತಿಂಗಳಿಂದ ಭಾಗಿಸಿ ಹೇಳಬೇಡಿ. ಕಾಂಟ್ರ್ಯಾಕ್ಟ್‌ನಲ್ಲಿ ವರ್ಷವಿಡೀ ಕೆಲಸ ಇರುವುದಿಲ್ಲ, ನಮ್ಮಂಥವರಿಗಂತೂ ಇರುವುದೇ ಇಲ್ಲ. ವರ್ಷಕ್ಕೆ 8 ತಿಂಗಳು, ತಿಂಗಳಿಗೆ 20 ದಿನ ಅಂತ ಹಿಡಿಯಿರಿ, 160 ದಿನ. ನಿಮಗೆ ವರ್ಷಕ್ಕೆ 12 ಲಕ್ಷ ಬೇಕಾದರೆ ದಿನಕ್ಕೆ 7,500 ರೂಪಾಯಿ ಆಯಿತು. ಆರೋಗ್ಯ ವಿಮೆ, ಇನ್ವರ್ಟರ್, ಲ್ಯಾಪ್‌ಟಾಪ್ ಖರ್ಚು ಇದರ ಮೇಲೆ. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವರಿಗೆ ಈ ಲೆಕ್ಕ ಹೊಸದಲ್ಲ. ಕೊಯ್ಲಿನ ದುಡ್ಡು ಒಮ್ಮೆ ಬರುತ್ತದೆ, ಅದರಲ್ಲೇ ವರ್ಷ ನೂಕಬೇಕು, ಮಳೆ ಜಾಸ್ತಿಯಾಗಿ ಕೊಳೆರೋಗ ಬಂದರೆ ಅದೂ ಇಲ್ಲ.

ನಾವು ಅಪರೂಪದವರು ಅಂತ ಮೂರು ಪಟ್ಟು ಕೇಳುವವರಿದ್ದಾರೆ. ಸಿಸ್ಟಂ ನಿಂತುಹೋಗಿ ಕ್ಲೈಂಟ್ ಒದ್ದಾಡುತ್ತಿದ್ದರೆ ಕೊಡುತ್ತಾರೆ, ಒಂದು ಸಲ. ಮತ್ತೆ ಕರೆಯುವುದಿಲ್ಲ.

ಜಿಎಸ್‌ಟಿ ಮಾಡಿಸ್ಬೇಕಾ? ಟಿಡಿಎಸ್ ಅಂತ ಹಿಡ್ಕೊಂಡ್ರೆ ಆ ದುಡ್ಡು ಹೋಯ್ತಾ?

ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಐಟಿ ಸೇವೆಗೆ ದರ 18%. ನೋಂದಣಿ ಆದವರು ವಿದೇಶಿ ಕ್ಲೈಂಟ್‌ಗೆ ಕೆಲಸ ಮಾಡಿದರೆ ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟು ತೆರಿಗೆ ಹಾಕದೆ ಇನ್‌ವಾಯ್ಸ್ ಕಳಿಸಬಹುದು, ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಕೊಡಬೇಕು.

ಟಿಡಿಎಸ್ ಹೋದ ದುಡ್ಡಲ್ಲ. ವೃತ್ತಿಪರ ಸೇವೆ ಅಂತ ಸಾಮಾನ್ಯವಾಗಿ 10% ಹಿಡಿಯುತ್ತಾರೆ, ಅದು ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗುತ್ತದೆ, ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದುತ್ತದೆ, ಮಿಕ್ಕಿದ್ದು ವಾಪಸ್. ಇನ್ನೊಂದು ಅನುಕೂಲ ಇದೆ, ನಮ್ಮ ಆಡಿಟರ್‌ಗಳು ಇವತ್ತಿಗೂ 44ಎಡಿಎ ಅಂತಲೇ ಕರೆಯುತ್ತಾರೆ. ವರ್ಷದ ಗಳಿಕೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಲಾಭ ಅಂತ ತೋರಿಸಿದರೆ ಸಾಕು, ಖರ್ಚಿನ ಲೆಕ್ಕಪುಸ್ತಕ ಬೇಡ. ಐಟಿ ವೃತ್ತಿಯೂ ಅದರಲ್ಲಿ ಸೇರಿದೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಆಗಿರುವುದರಿಂದ ಸೆಕ್ಷನ್ ನಂಬರ್‌ಗಳು ಬೇರೆ. ದುರ್ಗಿಗುಡಿಯಲ್ಲಿ ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂರಿ, ಕೊಟ್ಟ ಫೀಸ್‌ಗೆ ಮೋಸ ಇಲ್ಲ.

ಕೆಲಸ ಮುಗಿಸಿ ಕೊಟ್ಟೆ, ದುಡ್ಡು ಕೊಡ್ತಿಲ್ಲ. ಏನು ಮಾಡ್ಲಿ?

ನನಗೂ ಆಗಿದೆ. ಒಂದು ಸಾಫ್ಟ್‌ವೇರ್ ಕಂಪನಿ ಮೂರು ಇನ್‌ವಾಯ್ಸ್ ಐದು ತಿಂಗಳು ಇಟ್ಟುಕೊಂಡು ಕೂತಿತ್ತು. "ಅಕೌಂಟ್ಸ್‌ಗೆ ಹೋಗಿದೆ ಸರ್" ಅನ್ನುವುದನ್ನು ಎಷ್ಟು ಸಲ ಕೇಳಿದೆನೋ. ಆಗ ನನ್ನ ಹತ್ತಿರ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಇರಲಿಲ್ಲ. ಅದು ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುವ ಕೆಲಸ, ಸೋಮಾರಿತನಕ್ಕೆ ಮಾಡಿಸಿರಲಿಲ್ಲ.

2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ 2023-24ರ ಹಣಕಾಸು ವರ್ಷದಿಂದ ಇನ್ನೊಂದು ನಿಯಮ ಬಂತು, ಈ ಗಡುವಿನೊಳಗೆ ಕೊಡದಿದ್ದರೆ ಕೊಟ್ಟ ವರ್ಷದವರೆಗೂ ಅದನ್ನು ಖರ್ಚು ಅಂತ ತೆರಿಗೆಯಲ್ಲಿ ತೋರಿಸುವ ಹಾಗಿಲ್ಲ. ಬಡ್ಡಿಗೆ ಹೆದರದ ಅಕೌಂಟ್ಸ್‌ನವರು ಇದಕ್ಕೆ ಹೆದರುತ್ತಾರೆ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ದಪ್ಪಗೆ ಹಾಕಿ. ಕೆಲಸ ಶುರು ಮಾಡುವ ಮೊದಲೇ ನೋಂದಣಿ ಆಗಿರಲಿ, ಜಗಳ ಆದ ಮೇಲೆ ಮಾಡಿಸಿದರೆ ಹಳೇ ಇನ್‌ವಾಯ್ಸ್‌ಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಮತ್ತೆ, ಮೂರು ಇನ್‌ವಾಯ್ಸ್ ಆಗುವವರೆಗೆ ಸುಮ್ಮನಿದ್ದದ್ದು ನನ್ನ ತಪ್ಪು. ಎರಡನೆಯದು ನಿಂತ ದಿನವೇ ನಾನು ಕೆಲಸ ನಿಲ್ಲಿಸಬೇಕಿತ್ತು.

## ಮಲೆನಾಡಿನಲ್ಲಿ ಕೂತು ಮಾಡುವುದು

ನಮ್ಮನೆ ತೀರ್ಥಹಳ್ಳಿ ಹತ್ರ. ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಯಾರು ಕೆಲಸ ಕೊಡ್ತಾರೆ?

ಕೊಡುತ್ತಾರೆ, ಮೊದಲೇ ಹೇಳಿದರೆ. ಫೈಬರ್ ಒಂದು, ಬೇರೆ ಕಂಪನಿಯ ಮೊಬೈಲ್ ಡೇಟಾ ಒಂದು, ಎರಡೂ ಇರಲಿ. ರೌಟರ್‌ಗೆ ಒಂದು ಪುಟ್ಟ ಯುಪಿಎಸ್ ಬೇರೆಯೇ ಹಾಕಿ, ಮನೆ ಇನ್ವರ್ಟರ್ ಫ್ರಿಜ್ಜು, ಟಿವಿ ಎಲ್ಲ ಎಳೆದು ಮುಗಿಸಿರುತ್ತದೆ. ಕೆಲಸವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡುವ ಬದಲು ಕ್ಲೈಂಟ್‌ನ ಮಶೀನ್‌ಗೆ ರಿಮೋಟ್ ಆಗಿ ಹೋಗಿ ಮಾಡಿ, ಲೈನ್ ಹೋದರೂ ಅಲ್ಲಿ ಓಡುತ್ತಿರುವುದು ಓಡುತ್ತಲೇ ಇರುತ್ತದೆ. ಆರಿದ್ರಾ ಮಳೆ ಹಿಡಿದಲ್ಲಿಂದ ಆಶ್ಲೇಷಾ ಮುಗಿಯುವವರೆಗೆ ಯಾವ ಗೋ-ಲೈವ್ (ಹೊಸ ಸಿಸ್ಟಂ ಚಾಲೂ ಮಾಡುವ) ತಾರೀಕಿಗೂ ಹೌದು ಅನ್ನಬೇಡಿ. ಕ್ಲೈಂಟ್‌ಗೆ ಮಳೆನಕ್ಷತ್ರ ಹೇಳಿದರೆ ಅರ್ಥವಾಗುವುದಿಲ್ಲ, ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅನ್ನಿ.

ಅಮೆರಿಕದ ಪೂರ್ವ ತೀರದ ಕ್ಲೈಂಟ್ ಆದರೆ ಅವರ ಬೆಳಿಗ್ಗೆ 9 ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಮರ ಬಿದ್ದು ಹಗಲೆಲ್ಲ ಹೋದ ಕರೆಂಟು ಆ ಹೊತ್ತಿಗೆ ಬಂದರೂ ಬರಬಹುದು.

ತಿಂಗಳಿಗೆ ಎರಡು ಸಲ ಆಫೀಸಿಗೆ ಬನ್ನಿ ಅಂತಾರೆ. ಒಪ್ಕೊಳ್ಳಲಾ?

ಒಪ್ಪಿಕೊಳ್ಳಿ. ಜನಶತಾಬ್ದಿಯಲ್ಲಿ ಮುಂಜಾನೆ ಹೊರಟರೆ ಹತ್ತು ಗಂಟೆ ಹೊತ್ತಿಗೆ ಬೆಂಗಳೂರು, ಸಂಜೆ ಅದರಲ್ಲೇ ವಾಪಸ್. 2023ರ ಆಗಸ್ಟ್‌ನಿಂದ ಸೋಗಾನೆಯಿಂದ ವಿಮಾನವೂ ಇದೆ, ಅದರ ಟಿಕೆಟ್ ಕ್ಲೈಂಟ್ ಕೊಟ್ಟರೆ ಮಾತ್ರ. ಪ್ರಯಾಣದ ಖರ್ಚು ಯಾರದು ಅನ್ನುವುದು ಒಪ್ಪಂದದಲ್ಲಿ ಬರೆದಿರಲಿ. ವಾರಕ್ಕೆ ಮೂರು ದಿನ ಅಂದರೆ ಅದು ಬೆಂಗಳೂರಿನ ಕೆಲಸ, ಬಾಡಿಗೆ ಸೇರಿಸಿ ದರ ಹೇಳಿ.

## ಸ್ವಲ್ಪ ಆಳದ ಪ್ರಶ್ನೆಗಳು

ಮೈಗ್ರೇಷನ್ ಮಾಡಿಕೊಟ್ರೆ ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕಿಕೊಂಡ ಹಾಗೆ ಅಲ್ವಾ?

ಇದನ್ನು ಕೇಳದವರಿಲ್ಲ. ಹೌದು, ಆ ಸಿಸ್ಟಂ ಮತ್ತೆ ನಿಮ್ಮನ್ನು ಕರೆಯುವುದಿಲ್ಲ. ಆದರೆ ನೀವು ಮಾಡದಿದ್ದರೆ ಬೇರೆಯವರು ಕೆಟ್ಟದಾಗಿ ಮಾಡುತ್ತಾರೆ, ಸಿಸ್ಟಂ ಹೇಗೂ ಹೋಗುತ್ತದೆ.

ಅಡಿಕೆ ತೋಟದಲ್ಲಿ ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರನ್ನು ನೋಡಿ. ಮರ ಹತ್ತುವವರು ಕಡಿಮೆಯಾದರು, ಫೈಬರ್ ದೋಟಿ ಬಂತು, ನೆಲದಲ್ಲೇ ನಿಂತು ಕೊಯ್ಯಬಹುದು. ನಮ್ಮ ಮಾವನ ತೋಟಕ್ಕೆ ಈಗ ದೋಟಿ ಹಿಡಿದು ಬರುವವರೂ ಹಿಂದೆ ಮರ ಹತ್ತುತ್ತಿದ್ದವರೇ. ಯಾವ ಗೊನೆ ಬಲಿತಿದೆ, ಯಾವುದು ಇನ್ನೂ ಎಂಟು ದಿನ ಬಿಡಬೇಕು ಅನ್ನುವುದು ಅವರ ಕಣ್ಣಿಗೆ ಗೊತ್ತು, ದೋಟಿಗೆ ಗೊತ್ತಿಲ್ಲ. ಮೈಗ್ರೇಷನ್‌ನಲ್ಲೂ ಹೊಸ ಭಾಷೆಯಲ್ಲಿ ಬರೆಯುವವರು ಬೇಕಾದಷ್ಟು ಸಿಗುತ್ತಾರೆ. ಹಳೇ ಡೇಟಾವಿಂಡೋ (ಪವರ್‌ಬಿಲ್ಡರ್‌ನಲ್ಲಿ ಡೇಟಾ ತಂದು ತೋರಿಸುವ ಭಾಗ) ಒಳಗೆ ಯಾರೋ ಬರೆದಿಟ್ಟ "ಮಾರ್ಚ್ 31ಕ್ಕೆ ಮಾತ್ರ ಹೀಗೆ ರೌಂಡ್ ಮಾಡು" ಅನ್ನುವ ಸಾಲು ಯಾಕಿದೆ ಅಂತ ಹೇಳಬಲ್ಲವರು ಸಿಗುವುದಿಲ್ಲ. ಮಾರಬೇಕಾದ್ದು ಅದನ್ನು. ನನ್ನ ಉದ್ದದ ಕಾಂಟ್ರ್ಯಾಕ್ಟ್, 14 ತಿಂಗಳದ್ದು, ಮೈಗ್ರೇಷನ್ನೇ ಆಗಿತ್ತು.

ಎಐ ಈಗ ಹಳೇ ಕೋಡ್ ಎಲ್ಲ ಓದುತ್ತಂತೆ. ಇನ್ನು ನಮ್ಮನ್ಯಾರು ಕೇಳ್ತಾರೆ?

ಓದುತ್ತದೆ, ನಾನೂ ಬಳಸುತ್ತೇನೆ. ಎರಡು ದಿನ ಹಿಡಿಯುತ್ತಿದ್ದ ಓದು ಅರ್ಧ ದಿನಕ್ಕೆ ಇಳಿದಿದೆ. ಕೋಡ್ ಏನು ಮಾಡುತ್ತದೆ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ. ಆದರೆ ಆ ಕೋಡೇ ತಪ್ಪಾಗಿದ್ದು, ಹತ್ತು ವರ್ಷದಿಂದ ಅಕೌಂಟ್ಸ್‌ನ ಮೇಡಂ ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ಕೈಯಾರೆ ಸರಿಮಾಡುತ್ತಿದ್ದರು ಅನ್ನುವುದು ಕೋಡ್‌ನಲ್ಲಿ ಇಲ್ಲವಲ್ಲ. ಬರೀ ಕೋಡ್ ಓದಿ ಅರ್ಥ ಹೇಳುವ ಕೆಲಸಕ್ಕೆ ದರ ಇಳಿಯುತ್ತಿದೆ, ಅದು ನಿಜ. ಕ್ಲೈಂಟ್‌ನ ಅನುಮತಿ ಇಲ್ಲದೆ ಅವರ ಕೋಡನ್ನು ಹೊರಗಿನ ಯಾವ ಎಐಗೂ ಹಾಕಬೇಡಿ, ಒಪ್ಪಂದದಲ್ಲಿ ಗೋಪ್ಯತೆಯ ಕಲಂ ಇರುತ್ತದೆ.

ಆರು ತಿಂಗಳಾಯ್ತು, ಏನೂ ಸಿಕ್ಕಿಲ್ಲ. ಯಾವಾಗ ಬಿಡಬೇಕು?

ತಿಂಗಳು ಎಣಿಸಬೇಡಿ, ಪಟ್ಟಿ ಎಣಿಸಿ. ಆ ಸಿಸ್ಟಂ ಇರುವ ಕಂಪನಿಗಳು 30ರಿಂದ 40 ಸಿಕ್ಕವಾ? ಎಲ್ಲರಿಗೂ ಎರಡೆರಡು ಸಲ ಬರೆದಾಯಿತಾ? ಹಳೇ ಸಹೋದ್ಯೋಗಿಗಳು ಎಲ್ಲರಿಗೂ ಗೊತ್ತಾ ನೀವು ಖಾಲಿ ಇದ್ದೀರಿ ಅಂತ? ಇಷ್ಟಾಗಿಯೂ ಒಂದು ಕಾಲ್ ಕೂಡ ಬರದಿದ್ದರೆ ಆ ಸ್ಕಿಲ್ ಹೆಸರಲ್ಲಿ ಹುಡುಕುವುದನ್ನು ನಿಲ್ಲಿಸಿ. ಅದೇ ವಿಮೆ, ಅದೇ ಬ್ಯಾಂಕು, ಅದೇ ಆಸ್ಪತ್ರೆ ಬಿಲ್ಲಿಂಗ್ ಲೋಕದಲ್ಲಿ ಟೆಸ್ಟಿಂಗ್, ರಿಪೋರ್ಟ್, ಡೇಟಾ ತಾಳೆ ನೋಡುವ ಕೆಲಸಕ್ಕೆ ಹೋಗಿ. ಮನೆ ಖರ್ಚಿಗೆ ಇಟ್ಟ ದುಡ್ಡು ಮೂರು ತಿಂಗಳಿಗಿಂತ ಕಡಿಮೆಯಾಗಿದ್ದರೆ ಪಟ್ಟಿ ಮುಗಿಯುವವರೆಗೂ ಕಾಯಬೇಡಿ, ಸಿಕ್ಕ ಕೆಲಸ ಹಿಡಿಯಿರಿ, ಪಟ್ಟಿಯನ್ನು ಭಾನುವಾರ ನೋಡಬಹುದು.

ನನಗೆ ಊರಿಗೆ ಬಂದ ಮೇಲೆ ಮೊದಲ ಕಾಂಟ್ರ್ಯಾಕ್ಟ್ ಸಿಕ್ಕಿದ್ದು ಏಳನೇ ತಿಂಗಳಲ್ಲಿ. ಅದು ಪವರ್‌ಬಿಲ್ಡರ್ ಕೆಲಸವೇ ಅಲ್ಲ, ಎರಡು ರಿಪೋರ್ಟ್‌ಗಳ ಮೊತ್ತ ಯಾಕೆ ಹೊಂದುತ್ತಿಲ್ಲ ಅಂತ ಹುಡುಕುವ ಮೂರು ವಾರದ ಕೆಲಸ. ವ್ಯತ್ಯಾಸ ಇದ್ದದ್ದು 11 ರೂಪಾಯಿ.